ಫಕೀರವ್ವ ಕೊಡದ ಎಳೆ

ನಮ್ಮೂರಲ್ಲಿ ಯಾರನ್ನಾದರೂ ನೇಣಿಗೆ ಹಾಕಬೇಕಾದರೆ ಹಗ್ಗವನ್ನು ಅಂಗಡಿಯಿಂದ ತರುವಂತಿಲ್ಲ. ಪ್ರತಿ ಮನೆಯ ಹಿರಿಯ ಹೆಂಗಸು ತನ್ನ ತೊಡೆಯ ಮೇಲೆ ಹತ್ತಿ ಹೊಸೆದು ಒಂದೊಂದು ಎಳೆ ಕೊಡಬೇಕು. ಊರಿನ ಎಲ್ಲ ಮನೆಯ ಎಳೆಗಳೂ ಸೇರಿ ಹಗ್ಗವಾಗಬೇಕು. ಒಂದೇ ಒಂದು ಮನೆಯದು ತಪ್ಪಿದರೂ ಆ ಹಗ್ಗ ನಿಲ್ಲುವುದಿಲ್ಲ. ನಮ್ಮ ಅಜ್ಜನ ಕಾಲದಲ್ಲಿ ಯಾರೋ ಅವಸರದವರು ಹಾಗೆ ಮಾಡಿ ನೋಡಿದ್ದರಂತೆ. ಕೊರಳಿಗೆ ಹಾಕಿದ ಹಗ್ಗ ನೆನೆದ ಶಾವಿಗೆಯ ಹಾಗೆ ಬಿಚ್ಚಿಕೊಂಡು ನೆಲಕ್ಕೆ ಬಿತ್ತಂತೆ. ಯಾಕೆ ಹಾಗಾಗುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಎಳೆ ಕೊಡದ ಮನೆಯವರು ಆ ಮನುಷ್ಯನನ್ನು ತಮ್ಮಲ್ಲೇ ಇಟ್ಟುಕೊಂಡು ಊಟಕ್ಕೆ ಹಾಕಬೇಕು, ಊರು ಬಿಟ್ಟು ಹೋಗದಂತೆ ಕಾಯಬೇಕು ಎಂಬ ಕಟ್ಟಳೆಯೂ ಅದರ ಜೊತೆಗೇ ಬಂದದ್ದು. ಇನ್ನೊಂದು, ಹತ್ತಿಯ ಎಳೆ ಒಂದು ಮಳೆಗಾಲ ದಾಟಿದರೆ ಕೆಲಸಕ್ಕೆ ಬಾರದು. ಮಳೆ ನಿಂತ ಮೇಲೆ ಎಲ್ಲ ಮನೆಗಳೂ ಮತ್ತೆ ಹೊಸದಾಗಿ ಕೊಡಬೇಕು. ಇಷ್ಟು ತಿಳಿದಿದ್ದರೆ ನನ್ನ ಹೆಂಡತಿ ಫಕೀರವ್ವನ ಕಥೆ ಹೇಳಬಹುದು.

ನಾನು ಟೇಲರ್. ಚನ್ನಮಲ್ಲಪ್ಪ ಎಂದು ಕೇಳಿದರೆ ಊರಲ್ಲಿ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ, ಟೇಲರ್ ಎಂದರೆ ಎಲ್ಲರೂ ಮನೆ ತೋರಿಸುತ್ತಾರೆ. ನಮ್ಮದು ಗಣಿಯಿಂದ ಚಪ್ಪಡಿಯಾಗಿ ಸೀಳಿ ತೆಗೆಯುವ ಫರಸಿಕಲ್ಲಿನ ಊರು. ಗೋಡೆಯೂ ಫರಸಿ, ಮಾಳಿಗೆಯೂ ಫರಸಿ. ಬೇಸಿಗೆಯಲ್ಲಿ ಬೆಕ್ಕುಗಳು ಸಹ ನೆಲಕ್ಕೆ ಕಾಲೂರದೆ ನೆರಳಿನಿಂದ ನೆರಳಿಗೆ ಹಾರುತ್ತವೆ. ಫಕೀರವ್ವ ಇಲ್ಲಿಗೆ ಸೊಸೆಯಾಗಿ ಬಂದ ವರ್ಷವೇ ಪಕ್ಕದ ಮನೆಗೆ ಇಂದ್ರವ್ವನೂ ಬಂದಳು. ಇಬ್ಬರೂ ಒಂದೇ ಹಿತ್ತಿಲಲ್ಲಿ ಬಟ್ಟೆ ಒಗೆದು, ಒಬ್ಬರ ಅತ್ತೆಯನ್ನು ಇನ್ನೊಬ್ಬರು ಬೈದು, ಹಾಗೇ ಗೆಳತಿಯರಾದರು.

ಫಕೀರವ್ವ ಏನನ್ನೂ ತಾನೊಬ್ಬಳೇ ತೀರ್ಮಾನಿಸಿದವಳಲ್ಲ. ಸಂತೆಯಲ್ಲಿ ಎರಡು ಬದನೆಕಾಯಿ ಹಿಡಿದುಕೊಂಡು ಯಾವುದು ಒಳ್ಳೆಯದೆಂದು ತಿಳಿಯದೆ ನಿಂತುಬಿಡುವಳು. ಸೀರೆ ತೋರಿಸಿದರೆ “ನನಗ ಗೊತ್ತಾಗವಲ್ದು, ಇಂದ್ರಿನ್ನ ಕೇಳ್ತೀನಿ” ಅನ್ನುವಳು. ಮಗಳಿಗೆ ಹೆಸರಿಟ್ಟದ್ದು ಇಂದ್ರವ್ವ, ಅಳಿಯನನ್ನು ಒಪ್ಪಿದ್ದು ಇಂದ್ರವ್ವ, ಸಾರಿಗೆ ಹುಣಸೆಹಣ್ಣು ಸಾಕೇ ಎಂದು ರುಚಿ ನೋಡಿ ಹೇಳುವವಳೂ ಇಂದ್ರವ್ವ. ನಾನು ಈ ಮನೆಗೆ ಟೇಲರ್ ಮಾತ್ರ ಎಂದು ಎಷ್ಟೋ ಸಲ ರೇಗಿಸಿದ್ದೇನೆ. ಅವಳು ನಕ್ಕು, “ಅದೂ ಇಂದ್ರಿ ಒಪ್ಪಿದ್ದಕ್ಕ” ಅನ್ನುತ್ತಿದ್ದಳು.

ಇಂದ್ರವ್ವನಿಗೆ ಬೇಗನೆ ಗಂಡ ತೀರಿಕೊಂಡ. ಇದ್ದವನು ಒಬ್ಬನೇ ಮಗ, ಬಸಲಿಂಗ. ಗಣಿಯಲ್ಲಿ ಕಲ್ಲು ಸೀಳುವ ಕೆಲಸ ಮಾಡುತ್ತಿದ್ದ. ಹೆಗಲ ಮೇಲೆ ಸುತ್ತಿಗೆ-ಉಳಿಯ ಚೀಲ ಹಾಕಿಕೊಂಡು, ಸ್ವಲ್ಪ ಒಂದು ಕಡೆ ವಾಲಿ, ಯಾರನ್ನೋ ಹಿಡಿಯಲು ಹೊರಟವನ ಹಾಗೆ ಬಿರಬಿರನೆ ನಡೆಯುವ ಹುಡುಗ. ನಮ್ಮ ಮನೆಯ ಅರ್ಧ ರೊಟ್ಟಿ ತಿಂದೇ ಬೆಳೆದವನು. ಅವನಿಗೆ ಕನ್ಯೆ ನೋಡುವ ಮಾತು ನಡೆದಿತ್ತು. ಆ ವರ್ಷ ಹೋಳಿಹುಣ್ಣಿಮೆ ಮುಗಿದ ಕೆಲವೇ ದಿನಕ್ಕೆ, ಹಳೆಯ ಗಣಿಯ ನೀರು ನಿಂತ ಹೊಂಡದ ಅಂಚಿನಲ್ಲಿ ಅವನ ಹೆಣ ಸಿಕ್ಕಿತು. ಹಿಂದಲೆ ಒಡೆದಿತ್ತು.

ಹೆಣದ ಹತ್ತಿರ ಒಂದು ಇಕ್ಕಳ ಬಿದ್ದಿತ್ತು. ಅದು ಕಲಾಯಿ ಹಾಕುವ ಹುಲಿಗೆಪ್ಪನದೆಂದು ಎಲ್ಲರೂ ಗುರುತಿಸಿದರು. ಹುಲಿಗೆಪ್ಪ ಊರೂರು ತಿರುಗುವವನು, ಒಂದೆರಡು ತಿಂಗಳಿಂದ ನಮ್ಮಲ್ಲೇ ಬೀಡು ಬಿಟ್ಟಿದ್ದ. ಅದೇ ದಿನ ಬೆಳಿಗ್ಗೆ ಸಂತೆಯಲ್ಲಿ ಅವನಿಗೂ ಬಸಲಿಂಗನಿಗೂ ಜಗಳವಾಗಿತ್ತು. ತನ್ನ ತಾಯಿಯ ಹಂಡೆಗೆ ತೂತು ಮಾಡಿ ಕೊಟ್ಟಿದ್ದೀಯೆಂದು ಬಸಲಿಂಗ ಅವನ ಅಂಗಿ ಹಿಡಿದಿದ್ದ, ಹುಲಿಗೆಪ್ಪ ಅವನನ್ನು ನೂಕಿದ್ದ. ಊರೆಲ್ಲ ನೋಡಿತ್ತು.

ಚಾವಡಿಯಲ್ಲಿ ಗೌಡರು ವಿಚಾರಣೆ ಕೂಡಿಸಿದಾಗ ಹುಲಿಗೆಪ್ಪ ಹೇಳಿದ್ದು ಇಷ್ಟೇ: “ಪಾತ್ರಿ ತಿಕ್ಕಾಕ ಮಳಲು ತರಾಕ ಹೊಂಡಕ್ಕ ದಿನಾ ಹೋಗ್ತೀನ್ರಿ. ಇಕ್ಕಳ ಅಲ್ಲೇ ಮರತಿದ್ದೆ. ನಾ ಏನೂ ಮಾಡಿಲ್ಲ.” ಗಣಿಯ ಕಾವಲುಗಾರ ಗುರುಪಾದ ಮುಂದೆ ಬಂದು, ಅಂದು ಮುಸ್ಸಂಜೆಯಲ್ಲಿ ಹೊಂಡದ ಕಡೆಯಿಂದ ಒಬ್ಬ ಓಡಿಹೋದದ್ದನ್ನು ಕಂಡೆ, ಅದು ಇವನೇ ಎಂದ. ಗುರುಪಾದ ಸುಳ್ಳು ಹೇಳುವ ಮನುಷ್ಯನಲ್ಲ.

ಹೆಂಗಸರ ಸಾಲಿನಲ್ಲಿ ಇಂದ್ರವ್ವನನ್ನು ತಬ್ಬಿಕೊಂಡು ಕೂತಿದ್ದ ಫಕೀರವ್ವ ಆಗ ಬಾಯಿ ತೆರೆದಳು. ಅವಳು ಚಾವಡಿಯಲ್ಲಿ ಮಾತಾಡಿದ್ದು ಅದೇ ಮೊದಲು.

“ಗುರುಪಾದಣ್ಣ, ಅವನ ಮಾರಿ ನೋಡಿದ್ಯೇನು?”

“ಮಾರಿ ಕಾಣಲಿಲ್ಲವ್ವ, ಬೆನ್ನು ಕಂಡೆ. ನಡಿಗಿ ಅವಂದ.”

ಪಂಚರು ಗುಸುಗುಸು ಮಾತಾಡಿಕೊಂಡರು. ಬಸಲಿಂಗ ಜಾರಿ ಬಿದ್ದಿರಬಹುದಲ್ಲ ಎಂದು ಒಬ್ಬರು ಅಂದದ್ದು ಇಂದ್ರವ್ವನ ಅಳುವಿನಲ್ಲಿ ಮುಳುಗಿಹೋಯಿತು. ಅಂಥ ಅಳುವಿನ ಮುಂದೆ ಊರು ಏನಾದರೂ ಮಾಡಲೇಬೇಕು ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಹುಲಿಗೆಪ್ಪನಿಗೆ ನೇಣು ಎಂದಾಯಿತು.

ಮನೆಮನೆಯಲ್ಲಿ ಹತ್ತಿ ಹೊಸೆಯಲು ಶುರುವಾಯಿತು. ನಮ್ಮಲ್ಲಿ ಆ ಕೆಲಸ ಮಾಡುವಾಗ ಯಾರೂ ಮಾತಾಡುವುದಿಲ್ಲ. ಫಕೀರವ್ವನೂ ನಡುಮನೆಯಲ್ಲಿ ಕಾಲು ಚಾಚಿ ಕೂತು, ಹತ್ತಿ ಹಿಂಜಿ, ತೊಡೆಯ ಮೇಲಿಟ್ಟು ಅಂಗೈ ಉಜ್ಜಿದಳು. ಒಂದು ಗೇಣು ಹೊಸೆದಳೋ ಇಲ್ಲವೋ, ಕೈ ನಿಂತಿತು. ಹೊಲಿಗೆಯಂತ್ರದ ಹಿಂದಿನಿಂದ ನಾನು ನೋಡುತ್ತಿದ್ದೆ.

“ಯಾಕ, ಹತ್ತಿ ಸರಿ ಇಲ್ಲೇನು?”

“ಹತ್ತಿ ಸರಿ ಐತಿ. ನನಗ ಗೊತ್ತಾಗವಲ್ದು.”

“ಏನ್ ಗೊತ್ತಾಗವಲ್ದು?”

“ಅಂವ ಮಾಡ್ಯಾನೋ ಇಲ್ಲೋ ಅಂತ.”

“ಅದನ್ನ ಪಂಚರು ನೋಡ್ಯಾರ. ನಿನಗ ಯಾಕ ಗೊತ್ತಾಗಬೇಕು?”

“ಎಳಿ ನನ್ನ ತೊಡಿ ಮ್ಯಾಲೆ ಹೊಸೀಬೇಕಲ್ರಿ,” ಅಂದಳು. “ಪಂಚರ ತೊಡಿ ಮ್ಯಾಲೆ ಅಲ್ಲ.”

ನಾನು ಬೈದೆ, ರಮಿಸಿದೆ, ಮಗಳನ್ನು ಕರೆಸುತ್ತೇನೆ ಎಂದು ಹೆದರಿಸಿದೆ. ಅವಳು ವಾದ ಮಾಡಲಿಲ್ಲ. ವಾದ ಮಾಡಿದ್ದರೆ ನಾನು ಗೆಲ್ಲಬಹುದಿತ್ತು. ಹೊಸೆದಷ್ಟನ್ನು ಮೆಲ್ಲಗೆ ಬಿಚ್ಚಿ ಹತ್ತಿಯನ್ನು ಮತ್ತೆ ಬುಟ್ಟಿಗೆ ಹಾಕಿದಳು. ಎಳೆ ಒಟ್ಟುಮಾಡಲು ಬಂದವರ ಮುಂದೆ ಬಾಗಿಲಲ್ಲಿ ನಿಂತು, ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ, “ನಮ್ಮನೀದು ಇಲ್ರಿ” ಅಂದಳು. ಮನೆ ತುಂಬ ನೂಲಿನ ಉಂಡೆಗಳಿರುವ ಟೇಲರನ ಮನೆಯಿಂದ ಒಂದು ಎಳೆ ಹುಟ್ಟಲಿಲ್ಲ ಎಂದು ಊರು ಆಡಿಕೊಂಡಿತು.

ಇಂದ್ರವ್ವ ಆಗಲೇ ಬಂದಳು. ಸೆರಗು ನೆಲಕ್ಕೆ ಎಳೆಯುತ್ತಿತ್ತು, ಎತ್ತಿಕೊಳ್ಳುವ ಎಚ್ಚರ ಇರಲಿಲ್ಲ.

“ಫಕೀರೀ, ಖರೇನಾ?”

“ಹೌದು.”

“ಬಸ್ಯಾ ನಿನ್ನ ತೊಡಿ ಮ್ಯಾಲೆ ಆಡಿ ಬೆಳದಾನ. ಅವಂಗ ಒಂದೆಳಿ ಕೊಡೂದಿಲ್ಲೇನ?”

“ಅವಂಗಾದ್ರ ಜೀವಾನ ಕೊಡ್ತೀನಿ, ಇಂದ್ರಿ. ಇದು ಅವಂಗಲ್ಲ. ಇದು ಇನ್ನೊಬ್ಬನ ಕೊರಳಿಗೆ.”

“ಆ ಇನ್ನೊಬ್ಬಾಂವ ನನ್ನ ಮಗನ್ನ ಕೊಂದಾನ!”

“ಗೊತ್ತಿಲ್ಲವ್ವ. ನಿನಗೂ ಗೊತ್ತಿಲ್ಲ.”

ಇಂದ್ರವ್ವ ಅವಳನ್ನು ದಿಟ್ಟಿಸಿ ನೋಡಿದಳು. “ಜನ್ಮದಾಗ ಒಂದು ಬದನೀಕಾಯಿ ಆರಿಸಾಕ ಬರದಾಕಿ ನೀನು,” ಅಂದಳು, “ಇವತ್ತ ನನ್ನ ವಿರುದ್ಧ ಆರಿಸಿದಿ.” ಹಾಗಂದು ಹೊರಟುಹೋದಳು. ಹಿತ್ತಿಲಲ್ಲಿ ಇಬ್ಬರೂ ಸೇರಿ ಬಟ್ಟೆ ಒಗೆಯುವುದು ಆ ದಿನಕ್ಕೆ ನಿಂತಿತು.

ಹುಲಿಗೆಪ್ಪನನ್ನು ನಮ್ಮ ಮನೆಗೆ ತಂದು ಬಿಟ್ಟರು. ಜೊತೆಗೆ ಅವನ ಗಾಳಿ ಊದುವ ತಿದಿ, ಗಂಟುಮೂಟೆ, ಬಾಯಿ ಒಡೆದ ಒಂದು ಹಿತ್ತಾಳೆ ಕೊಡ. ನಾನು ಮೊದಲ ಕೆಲವು ದಿನ ದೊಡ್ಡ ಕತ್ತರಿಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ. ಕಿವಿಗೆ ಚುಚ್ಚಿಕೊಂಡ ಮೇಲೆ ಅದನ್ನು ಬಿಟ್ಟೆ.

ಅವನು ಪಾಪದ ಮನುಷ್ಯ, ಹೂವಿನಂಥವನು ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ವಿಪರೀತ ತಿನ್ನುತ್ತಿದ್ದ. ತಿಂದ ಮೇಲೆ ಉಪ್ಪು ಹೆಚ್ಚಾಗಿತ್ತು ಅನ್ನುತ್ತಿದ್ದ. ಅವನ ಗೊರಕೆಗೆ ನಮ್ಮ ಫರಸಿ ಮಾಳಿಗೆ ಬಿರುಕು ಬಿಡುವುದೇನೋ ಅನ್ನಿಸುತ್ತಿತ್ತು. ಒಮ್ಮೆ ನಾನು ಗೊತ್ತಾಗದೆ ಕಲಾಯಿಗೆ ಬಳಸುವ ಅವನ ನವಸಾಗರದ ಪುಡಿಯ ಡಬ್ಬಿ ಎಡವಿ ಚೆಲ್ಲಿದಾಗ ಕೈಯಲ್ಲಿದ್ದ ಕಬ್ಬಿಣದ ಸರಳನ್ನು ಎತ್ತಿಯೇಬಿಟ್ಟ. ಎತ್ತಿದ ಕೈ ಹಾಗೇ ನಿಂತಿತು, ಆಮೇಲೆ ಇಳಿಯಿತು. ಹಿತ್ತಿಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ.

“ನೋಡಿದ್ಯಾ?” ಎಂದು ಫಕೀರವ್ವನನ್ನು ಅಡುಗೆಮನೆಗೆ ಎಳೆದೊಯ್ದು ಕೇಳಿದೆ. “ಈ ಸಿಟ್ಟಿನವ ಮಾಡಿರೂದಿಲ್ಲ ಅಂತೀಯೇನು?”

“ಮಾಡಿಲ್ಲ ಅಂತ ನಾ ಯಾವತ್ತ ಅಂದೀನಿ? ಗೊತ್ತಿಲ್ಲ ಅಂದೀನಿ. ಸಿಟ್ಟು ಬಂದವ್ರನ್ನೆಲ್ಲಾ ನೇಣಿಗೆ ಹಾಕೂದಾದ್ರ ನಿಮ್ಮವ್ವನ ಪಾಳಿ ಮೊದಲ ಬರ್ತಿತ್ತು.” ನಮ್ಮವ್ವ ತೀರಿಕೊಂಡು ಬಹಳ ವರ್ಷವಾಗಿತ್ತು, ಆದರೂ ಆ ಮಾತನ್ನು ನಾನು ಅಲ್ಲಗಳೆಯಲಾರದೆ ಹೋದೆ.

ಮರುದಿನ ಅವನಿಗೆ ರೊಟ್ಟಿ ಬಡಿಸುತ್ತ ಅವಳು ನೇರ ಕೇಳಿದಳು. “ಹುಲಿಗೆಪ್ಪ, ಖರೇ ಹೇಳು. ನೀ ಬಸ್ಯಾನ್ನ ಹೊಡದ್ಯೇನು?”

“ಇಲ್ರಿ ಅಕ್ಕಾರ.”

“ಹೊಡದಿದ್ರೂ ನೀ ಇಲ್ಲ ಅಂತಾನ ಅಂತಿದ್ದಿ.”

ಅವನು ತುತ್ತು ನುಂಗಿದ. “ಹೌದ್ರಿ. ಅಂತಿದ್ದೆ.”

“ಮತ್ತ ನನಗ ಗೊತ್ತಾಗೂದು ಹೆಂಗ?”

“ಗೊತ್ತಾಗೂದಿಲ್ರಿ,” ಅಂದ ಹುಲಿಗೆಪ್ಪ. ಅವನ ದನಿ ತಗ್ಗಿತ್ತು. “ನನಗೊಬ್ಬಂಗ ಗೊತ್ತೈತಿ. ನನ್ನ ಮಾತು ಯಾರೂ ಎಣಿಸೂದಿಲ್ಲ.”

ಆಮೇಲೆ ಅವನು ಉಪ್ಪಿನ ಬಗ್ಗೆ ತಕರಾರು ತೆಗೆಯಲಿಲ್ಲ. ಅಂದರೆ, ಒಂದು ವಾರ ತೆಗೆಯಲಿಲ್ಲ.

ಗೌಡರು ಒಮ್ಮೆ ತಾವೇ ಬಂದರು. ವಯಸ್ಸಾದವರು, ಒಳ್ಳೆಯವರು, ಈ ತಲೆನೋವು ಬೇಗ ಮುಗಿದರೆ ಸಾಕಾಗಿತ್ತು ಅವರಿಗೆ. ನಮ್ಮ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದರು. ಹಿತ್ತಿಲಿನಿಂದ ಹುಲಿಗೆಪ್ಪನ ತಿದಿಯ ಉಸಿರು ಕೇಳುತ್ತಿತ್ತು.

“ತಂಗೀ, ಊರೆಲ್ಲಾ ಒಂದು ದಾರಿ ಹಿಡದ್ರ ನೀ ಒಬ್ಬಾಕಿ ಇನ್ನೊಂದು ಹಿಡದಿ. ಊರಿಗೆ ಗೊತ್ತಿರೂದು ನಿನಗ ಹೆಂಗ ಗೊತ್ತಾಗೂದಿಲ್ಲ?”

“ಊರಿಗೆ ಹೆಂಗ ಗೊತ್ತಾತ್ರಿ ಗೌಡ್ರ?”

“ಎಲ್ಲಾರೂ ಹೇಳ್ತಾರಲ್ಲ.”

“ಎಲ್ಲಾರೂ ಗುರುಪಾದಣ್ಣನ ಮಾತು ಕೇಳಿ ಹೇಳ್ತಾರ. ಗುರುಪಾದಣ್ಣ ಬೆನ್ನು ನೋಡಿ ಹೇಳ್ತಾನ. ಬೆನ್ನಿಗೆ ಕಣ್ಣು ಮೂಗು ಇರತಾವೇನ್ರಿ?”

ಗೌಡರು ಲೋಟ ಕೆಳಗಿಟ್ಟರು. “ಆ ತಾಯಿ ಹೊಟ್ಟಿ ಉರಿ ಆರಬೇಕಲ್ಲವ್ವ.”

ಇದಕ್ಕೆ ಫಕೀರವ್ವನ ಕಣ್ಣುಗಳು ತುಂಬಿ ಬಂದವು. “ಆರಬೇಕ್ರಿ. ಆದ್ರ ಇವನ್ನ ಹಾಕಿದ ಮ್ಯಾಲೆ, ಮಾಡಿದಾಂವ ಬ್ಯಾರೆ ಅಂತ ಗೊತ್ತಾತು ಅನ್ರಿ. ಆಗ ಆಕಿ ಏನ್ ಮಾಡಬೇಕು? ಮಗನ್ನ ಕಳಕೊಂಡದ್ದೂ ಅಲ್ದ, ಒಬ್ಬನ್ನ ಕೊಂದ ಪಾಪಾನೂ ಆಕೀನ ಹೊರಬೇಕೇನು? ಇಂವ ಮಾಡಿದ್ದು ಖರೇ ಆದ್ರ ಇಲ್ಲೇ ಅದಾನ, ನಮ್ಮ ರೊಟ್ಟಿ ತಿನಕೋತ. ನಾಳೆ ಗೊತ್ತಾದ್ರ ನಾಳೆ ಎಳಿ ಕೊಡ್ತೀನಿ. ಸತ್ತ ಮ್ಯಾಲೆ ಗೊತ್ತಾದ್ರ ಯಾರಿಗೆ ಹೋಗಿ ತಪ್ಪಾತು ಅನ್ಲಿ?”

ಗೌಡರು ಎದ್ದರು. ಹೋಗುವಾಗ ಹಿತ್ತಿಲಿಗೆ ಇಣುಕಿ ಹುಲಿಗೆಪ್ಪನನ್ನು ನೋಡಿ, “ನಮ್ಮನ್ಯಾಗೂ ಎರಡು ಪಾತ್ರಿ ಅದಾವು, ಕಳಸ್ತೀನಿ” ಅಂದರು. ಹೀಗೆ ಊರು ನಿಧಾನಕ್ಕೆ ಒಗ್ಗಿಕೊಂಡಿತು. ನೇಣಿಗೆ ಹಾಕಬೇಕಾದವನ ಕೈಲಿ ಕಲಾಯಿ ಹಾಕಿಸಿಕೊಳ್ಳುವುದು ಮೊದಮೊದಲು ಜನಕ್ಕೆ ಮುಜುಗರವಾಗುತ್ತಿತ್ತು. ಮುಖ ತಿರುಗಿಸಿಕೊಂಡೇ ಪಾತ್ರೆ ಇಟ್ಟು ಹೋಗುವರು. ಆಮೇಲೆ ಕೂತು ನೋಡತೊಡಗಿದರು, ಆಮೇಲೆ ಅವಸರ ಮಾಡತೊಡಗಿದರು. “ಹಬ್ಬದೊಳಗ ಬೇಕು ನೋಡಪ್ಪ ಹುಲಿಗೆಪ್ಪ” ಎಂದು ಒಬ್ಬಾಕೆ ಹೇಳಿ, ಮರುದಿನವೇ ಅವನ ಕೊರಳಿಗಾಗಿ ಎಳೆ ಹೊಸೆಯಲು ಕೂತಳು. ಅದು ಮಳೆ ನಿಂತ ಮೇಲೆ ಎರಡನೆಯ ಸಲ ಎಳೆ ಕೊಡುವ ಕಾಲ. ಆ ಸಲವೂ ನಮ್ಮನೆಯ ಎಳೆ ಇರಲಿಲ್ಲ.

ಇಂದ್ರವ್ವ ಮಾತ್ರ ನಮ್ಮ ಕಡೆ ನೋಡಲಿಲ್ಲ. ಫಕೀರವ್ವ ಹಬ್ಬಕ್ಕೆ ಹೋಳಿಗೆ ಮಾಡಿ ನನ್ನ ಕೈಲಿ ಕಳಿಸಿದಳು, ಇಂದ್ರವ್ವ ಬಾಗಿಲು ತೆರೆಯಲಿಲ್ಲ. ಜ್ವರವೆಂದು ಕೇಳಿ ಗಂಜಿ ಕಳಿಸಿದಳು. ಗಂಜಿ ಹಾಗೇ ತಿರುಗಿ ಬಂತು. ಗೋಡೆಯಾಚೆ ಇಂದ್ರವ್ವ ಕೆಮ್ಮಿದರೆ ಈಚೆ ಫಕೀರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಸಂತೆಗೆ ಹೋದರೆ ಬದನೆಕಾಯಿ ತರುವುದನ್ನೇ ಬಿಟ್ಟಳು. ನನಗೆ ಬದನೆಕಾಯಿ ಇಷ್ಟ, ಆದರೆ ಕೇಳಲಿಲ್ಲ.

ಮರುವರ್ಷ ಮಳೆ ನಿಂತು ಮೂರನೆಯ ಸಲ ಎಳೆ ಕೊಡುವ ಕಾಲ ಹತ್ತಿರ ಬಂದಾಗ ಫಕೀರವ್ವ ಬಹಳ ಸೋತಿದ್ದಳು. ಇಂದ್ರವ್ವ ಎಷ್ಟು ಇಳಿದುಹೋಗಿದ್ದಾಳೆ ಎಂದು ಯಾರೋ ಹೇಳಿದ್ದು ಅವಳ ಮನಸ್ಸಿಗೆ ಕೂತುಬಿಟ್ಟಿತ್ತು. “ಆಕಿಗೆ ಒಂದಿಷ್ಟು ಸಮಾಧಾನ ಆಗೂದಾದ್ರ...” ಎಂದು ಶುರುಮಾಡಿ ಮುಗಿಸದೆ ಎದ್ದುಹೋಗುತ್ತಿದ್ದಳು. ಅಷ್ಟು ಹೊತ್ತಿಗೆ ನನಗೆ ಹುಲಿಗೆಪ್ಪನ ಗೊರಕೆ ಇಲ್ಲದೆ ನಿದ್ದೆ ಬರುತ್ತಿರಲಿಲ್ಲ ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ಹುಲಿಗೆಪ್ಪನೂ ನಾನೂ ಮಳಲು ತರಲು ಹೋಗಿದ್ದೆವು. ಅವನನ್ನು ಒಬ್ಬನನ್ನೇ ಬಿಡುವಂತಿಲ್ಲವಲ್ಲ, ನಾನು ಕಾವಲಿಗೆ. ಹಿಂತಿರುಗುವಾಗ ಅವನು ಹೆಗಲ ಮೇಲೆ ಮಳಲಿನ ಚೀಲ ಹಾಕಿಕೊಂಡು, ಭಾರಕ್ಕೆ ಒಂದು ಕಡೆ ವಾಲಿ, ಮುಂದೆ ಮುಂದೆ ನಡೆಯುತ್ತಿದ್ದ. ನಾನು ಮಂಡಿನೋವಿನವನು, ಹಿಂದೆ ಬಿದ್ದಿದ್ದೆ. ಹೊತ್ತು ಮುಳುಗಿ ಫರಸಿಯ ಗೋಡೆಗಳೆಲ್ಲ ಬೂದಿಬಣ್ಣವಾಗಿದ್ದವು. ಊರ ಹೆಬ್ಬಾಗಿಲು ಅಗಸಿಯ ಹತ್ತಿರ ಇಂದ್ರವ್ವ ಕೊಡ ಹಿಡಿದು ಬಾವಿಯಿಂದ ಬರುತ್ತಿದ್ದಳು. ನನ್ನನ್ನು ಅವಳು ನೋಡಲಿಲ್ಲ. ಮುಂದೆ ಹೋಗುತ್ತಿದ್ದವನ ಬೆನ್ನು ನೋಡಿದಳು.

ಕೊಡ ಕೈಯಿಂದ ಜಾರಿ ಕಲ್ಲಿನ ಮೇಲೆ ಬಿತ್ತು.

“ಬಸೂ! ಲೇ ಬಸೂ, ನಿಲ್ಲೋ ಯಪ್ಪಾ!”

ನಾನು ಕೂಗುವಷ್ಟರಲ್ಲಿ ಅವಳು ಓಡಿದ್ದಳು. ಆ ವಯಸ್ಸಿನಲ್ಲಿ, ಆ ಬಡಕಲು ದೇಹದಲ್ಲಿ ಅಷ್ಟು ಓಟ ಎಲ್ಲಿತ್ತೋ. ಹಿಂದಿನಿಂದ ಹೋಗಿ ಅವನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಳು. “ಎಲ್ಲಿ ಹೋಗಿದ್ಯೋ, ಎಲ್ಲಿ ಹೋಗಿದ್ಯೋ” ಅನ್ನುತ್ತಿದ್ದಳು. ಹುಲಿಗೆಪ್ಪ ತಿರುಗಿದ.

ಇಬ್ಬರೂ ಹಾಗೇ ನಿಂತರು. ಅವಳ ಕೈ ತಕ್ಷಣ ಬಿಡಲಿಲ್ಲ. ತೋಳು ಯಾರದೆಂದು ಕಣ್ಣಿಗೆ ತಿಳಿದ ಮೇಲೂ ಕೈಗೆ ತಿಳಿಯಲು ಹೊತ್ತು ಹಿಡಿಯಿತೇನೋ. ಹುಲಿಗೆಪ್ಪ ತೋಳು ಎಳೆದುಕೊಳ್ಳಲಿಲ್ಲ. ಕೊನೆಗೆ ಅವಳೇ ಕೈ ತೆಗೆದು, ಆ ಕೈಯನ್ನೇ ನೋಡಿಕೊಳ್ಳುತ್ತ ಮನೆಯ ಕಡೆ ನಡೆದಳು. ನೆಗ್ಗಿದ ಕೊಡವನ್ನು ನಾನು ಎತ್ತಿ ತಂದು ಅವಳ ಬಾಗಿಲ ಹತ್ತಿರ ಇಟ್ಟೆ.

ಮನೆಗೆ ಬಂದು ಫಕೀರವ್ವನಿಗೆ ಹೇಳಿದೆ. ಅವಳು ಗೋಡೆಗೆ ಒರಗಿ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. “ಆತು,” ಅಂದಳು ಕೊನೆಗೆ. “ಇನ್ನ ನನ್ನ ಕೈಲಾಗೂದಿಲ್ಲ. ಆಕಿ ಸಂಕಟ ನೋಡಿ ನೋಡಿ ಸಾಕಾತು. ಈ ಸಲ ಕೊಟ್ಟುಬಿಡ್ತೀನಿ.”

“ಹುಲಿಗೆಪ್ಪಗ ಯಾರು ಹೇಳೋರು?” ಎಂದು ಕೇಳಿದೆ.

ಎಳೆ ಕೊಡುವ ದಿನ ಬೆಳಿಗ್ಗೆ ಅವಳು ಹತ್ತಿ ಬುಟ್ಟಿ ಎಳೆದುಕೊಂಡು ಕೂತಳು. ಹುಲಿಗೆಪ್ಪ ಹಿತ್ತಿಲಲ್ಲಿ ಗೌಡರ ಮನೆಯ ಹಿಟ್ಟು ನಾದುವ ಪರಾತ ಬೆಳಗುತ್ತಿದ್ದ. ಅವನಿಗೆ ಹೇಳಿರಲಿಲ್ಲ, ಆದರೆ ತಿಳಿದಿತ್ತು ಅನ್ನಿಸುತ್ತದೆ. ಬೆಳಿಗ್ಗೆ ಒಂದೇ ರೊಟ್ಟಿಗೆ ಸಾಕು ಅಂದಿದ್ದ. ನಾನು ಯಂತ್ರದ ಮುಂದೆ ಕೂತು ಒಂದೇ ಹೊಲಿಗೆಯನ್ನು ಮತ್ತೆ ಮತ್ತೆ ಬಿಚ್ಚಿ ಹಾಕುತ್ತಿದ್ದೆ. ಫಕೀರವ್ವನ ಅಂಗೈ ತೊಡೆಯ ಮೇಲೆ ಹೋಗುತ್ತಿತ್ತು, ಬರುತ್ತಿತ್ತು. ಕಣ್ಣೀರು ಹತ್ತಿಯ ಮೇಲೆ ಬಿದ್ದು ಹತ್ತಿ ಮುದ್ದೆಯಾಗುತ್ತಿತ್ತು, ಒಣ ಹತ್ತಿ ತೆಗೆದುಕೊಂಡು ಮತ್ತೆ ಹೊಸೆಯುತ್ತಿದ್ದಳು. ಎಳೆ ಮುಕ್ಕಾಲು ಪಾಲು ಆಗಿತ್ತು.

ಬಾಗಿಲಲ್ಲಿ ಇಂದ್ರವ್ವ ನಿಂತಿದ್ದಳು. ಅಷ್ಟು ಕಾಲದ ನಂತರ ಅವಳು ನಮ್ಮ ಹೊಸ್ತಿಲು ದಾಟಿದ್ದು ಅಂದೇ. ಸೀದಾ ನಡುಮನೆಗೆ ಬಂದು ಬಗ್ಗಿ, ಫಕೀರವ್ವನ ತೊಡೆಯ ಮೇಲಿನ ಎಳೆಯನ್ನು ಕಸಿದುಕೊಂಡಳು. ಎರಡೂ ಕೈಯಿಂದ ಎಳೆದು ಹರಿದಳು.

“ನನ್ನ ಕೇಳದೆ ಕೆಲಸಾ ಮಾಡೂದು ಯಾವಾಗ ಕಲತಿ ನೀನು?”

ಫಕೀರವ್ವ ಬಾಯಿ ತೆರೆದುಕೊಂಡು ನೋಡಿದಳು. “ನಿನಗಾಗೇ ಇಂದ್ರೀ...”

“ನನಗಾಗಿ ಮಾಡಬ್ಯಾಡ. ನಾ ನಮ್ಮನೀದು ಕೊಟ್ಟಿಲ್ಲ.” ಇಂದ್ರವ್ವ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. “ಹೆತ್ತಾಕಿ ನಾನು, ಫಕೀರೀ. ಅವನ ನಡಿಗಿ ನಾನ ಕಲಿಸಿದ್ದು, ಕೈ ಹಿಡದು, ಈ ಹಿತ್ತಲದಾಗ. ಬೆನ್ನು ನೋಡಿ ಆ ನಡಿಗಿ ಗುರುತು ಹಿಡಿಯೂದ್ರಾಗ ನಾನ ತಪ್ಪಿದೆ. ಗುರುಪಾದ ಯಾರವ? ಅವಂಗೇನ್ ಗೊತ್ತು? ನಾನ ತಪ್ಪಿದ್ನಲ್ಲ...”

ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನಾನು ಹೊರಗೆ ಕಟ್ಟೆಗೆ ಹೋಗಿ ಕೂತೆ. ಎಳೆ ಒಟ್ಟುಮಾಡುವವರು ಬಂದರು. ಈ ಮನೆಯದು ಇಲ್ಲ, ಆ ಮನೆಯದೂ ಇಲ್ಲ ಎಂದೆ. ಆ ಮನೆಯದು ಅಂದರೆ ಯಾವುದು ಎಂದು ಅವರು ಎರಡು ಸಲ ಕೇಳಿದರು.

ಕಟ್ಟಳೆ ಕಟ್ಟಳೆಯೇ. ಎಳೆ ಕೊಡದ ಮನೆಗಳು ಎರಡಾದರೆ ಆ ಮನುಷ್ಯ ಎರಡೂ ಕಡೆ ಪಾಳಿಯ ಮೇಲೆ ಇರಬೇಕು. ಗೌಡರು ಇಂದ್ರವ್ವನಿಗೆ ವಿನಾಯಿತಿ ಕೊಡಲು ನೋಡಿದರು. ಅವಳು ಒಪ್ಪಲಿಲ್ಲ. “ಮೊದಲ ಪಾಳಿ ನಂದು,” ಅಂದಳು. “ನಾಳೆ ಮಧ್ಯಾಹ್ನ ಊಟಕ್ಕ ಕಳಸ್ರಿ.”

ನಾನು ಹೆದರಿದೆ. ಸುಳ್ಳು ಯಾಕೆ ಹೇಳಲಿ, ತಾಯಿಯ ಮನಸ್ಸು, ಅನ್ನದಲ್ಲಿ ಏನಾದರೂ ಹಾಕಿದರೆ? ಹುಲಿಗೆಪ್ಪನೂ ಅದನ್ನೇ ಯೋಚಿಸಿದ್ದ. ಮುಖ ತೊಳೆದುಕೊಂಡು, ನಾನು ಹೊಲಿದುಕೊಟ್ಟ ಅಂಗಿ ಹಾಕಿಕೊಂಡು, ಫಕೀರವ್ವನ ಮುಂದೆ ನಿಂತು, “ಹೋಗಬೇಕೇನ್ರಿ ಅಕ್ಕಾರ?” ಎಂದ.

“ಗೊತ್ತಾಗವಲ್ದಪ್ಪ,” ಅಂದಳು ಫಕೀರವ್ವ. ಆಮೇಲೆ, “ನಡಿ, ನಾವೂ ಬರ್ತೀವಿ” ಅಂದಳು.

ಇಂದ್ರವ್ವನ ನಡುಮನೆಯಲ್ಲಿ ತಟ್ಟೆ ಹಾಕಿತ್ತು. ಮೂಲೆಯಲ್ಲಿ ಬಸಲಿಂಗನ ಸುತ್ತಿಗೆ-ಉಳಿಯ ಚೀಲ ಗೂಟಕ್ಕೆ ತೂಗಿತ್ತು. ಹುಲಿಗೆಪ್ಪ ಅದರ ಕಡೆ ನೋಡದೆ, ಗೋಡೆಗೆ ಅಂಟಿಕೊಂಡ ಹಾಗೆ ಕೂತ. ಇಂದ್ರವ್ವ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಡಿಸಿದಳು. ಚಟ್ನಿ ತಟ್ಟೆಯ ಹೊರಗೂ ಬಿತ್ತು. ಅವನು ತಟ್ಟೆ ನೋಡುತ್ತ ಕೂತ, ಕೈ ಹಚ್ಚಲಿಲ್ಲ. ನಾವೂ ಬಾಗಿಲಲ್ಲೇ ನಿಂತಿದ್ದೆವು.

ಇಂದ್ರವ್ವನಿಗೆ ಅರ್ಥವಾಯಿತು. ಅವಳು ಅವನ ಎದುರಿಗೆ ಕೂತು, ಅವನದೇ ತಟ್ಟೆಯ ರೊಟ್ಟಿಯಿಂದ ಒಂದು ಚೂರು ಮುರಿದಳು. ಪಲ್ಯದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. ಅಗಿದು ನುಂಗಿದಳು. ಮಗ ಸತ್ತ ಮೇಲೆ ಅವಳು ಹೊಟ್ಟೆಗೆ ಸರಿಯಾಗಿ ಏನೂ ಹಾಕಿಕೊಂಡಿರಲಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು; ಆ ತುತ್ತು ಇಳಿಯಲು ಬಹಳ ಹೊತ್ತು ಹಿಡಿಯಿತು.

“ನಿನ್ನ ನಾ ಕ್ಷಮಿಸಿಲ್ಲ,” ಅಂದಳು ಅವನನ್ನೇ ನೋಡುತ್ತ. “ಏನ್ ಅಂತ ಕ್ಷಮಿಸಲಿ? ನೀ ಮಾಡಿಯೋ ಇಲ್ಲೋ ನನಗ ಗೊತ್ತಿಲ್ಲ. ಗೊತ್ತಾಗೂತನಕ ಉಣ್ಣು.”

ಹುಲಿಗೆಪ್ಪ ಒಂದು ತುತ್ತು ಬಾಯಿಗಿಟ್ಟ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅಗಿಯುತ್ತ ಅಗಿಯುತ್ತ, ತಡೆಯಲಾರದೆ, “ಉಪ್ಪು ಒಂಚೂರು ಹೆಚ್ಚಾಗೈತ್ರಿ” ಎಂದ.

ನಾನು ಕಣ್ಣು ಮುಚ್ಚಿಕೊಂಡೆ. ಇಂದ್ರವ್ವನ ಎದೆಯಿಂದ ಒಂದು ಸದ್ದು ಬಂತು. ಅಳುವೆಂದೇ ನಾನು ತಿಳಿದೆ. ಫಕೀರವ್ವ ಓಡಿಹೋಗಿ ಅವಳ ಪಕ್ಕ ಕೂತಾಗ ಗೊತ್ತಾಯಿತು, ಇಬ್ಬರೂ ನಗುತ್ತಿದ್ದರು.